ಗ್ಲುಟೆನ್ ಬಿಟ್ಟ ಮಗಳಿಗೆ ಎಳ್ಳು, ಅಗಸೆ, ಕುಂಬಳದ ಬೀಜ ಹೇಗೆ ಕೊಡೋದು? ಗೊತ್ತಿದ್ದವರು ಹೇಳಿ

ಗುಬ್ಬಿಗೇಟ್_ಅಮ್ಮ (ತುಮಕೂರು):

ಎಲ್ಲರಿಗೂ ನಮಸ್ಕಾರ. ನನ್ನ ಮಗಳಿಗೆ ಸೀಲಿಯಾಕ್ ಕಾಯಿಲೆ (ಗೋಧಿ, ಬಾರ್ಲಿಯಂಥ ಧಾನ್ಯದಲ್ಲಿರುವ ಗ್ಲುಟೆನ್ ಅನ್ನುವ ಪ್ರೋಟೀನಿನಿಂದ ಕರುಳಿಗೆ ಹಾನಿ ಆಗುವ ಕಾಯಿಲೆ) ಅಂತ ಈ ವರ್ಷ ಗೊತ್ತಾಯಿತು. ಎಂಟನೇ ಕ್ಲಾಸು. ರಕ್ತ ಕಡಿಮೆ, ಎಷ್ಟು ತಿಂದರೂ ತೂಕ ಏರುತ್ತಿರಲಿಲ್ಲ, ಆಗಾಗ ಹೊಟ್ಟೆ ನೋವು ಅಂತ ಸ್ಕೂಲಿಗೆ ರಜೆ. ರಕ್ತ ಪರೀಕ್ಷೆ, ಆಮೇಲೆ ಎಂಡೋಸ್ಕೋಪಿ ಮಾಡಿ ಡಾಕ್ಟರ್ ಖಚಿತ ಮಾಡಿದರು. ಗೋಧಿ, ಮೈದಾ, ರವೆ, ಶಾವಿಗೆ, ಬಾರ್ಲಿ ಎಲ್ಲ ನಿಲ್ಲಿಸಿದ್ದೇವೆ. ಮುದ್ದೆ, ಅನ್ನ, ಅಕ್ಕಿ ರೊಟ್ಟಿ ತಿನ್ನುವ ಮನೆ ನಮ್ಮದು, ಹಾಗಾಗಿ ಊಟಕ್ಕೆ ಅಷ್ಟೇನೂ ತೊಂದರೆ ಆಗಲಿಲ್ಲ.

ತಲೆ ಕೆಟ್ಟಿರುವುದು ಬೀಜಗಳ ವಿಷಯದಲ್ಲಿ. ಕಬ್ಬಿಣಾಂಶ, ಕ್ಯಾಲ್ಸಿಯಂ ಎರಡೂ ಕಡಿಮೆ ಇದೆ, ಎಳ್ಳು, ಅಗಸೆ, ಕುಂಬಳದ ಬೀಜ ಕೊಡಿ ಅಂತ ಆಸ್ಪತ್ರೆಯ ಡಯಟಿಷಿಯನ್ ಹೇಳಿದರು. ಊರಿನ ಒಂದು ಡ್ರೈ ಫ್ರೂಟ್ಸ್ ಅಂಗಡಿಯಲ್ಲಿ ಬಿಡಿಯಾಗಿ ತೂಗಿಸಿಕೊಂಡು ಬಂದೆ. ತಟ್ಟೆಗೆ ಹರಡಿ ನೋಡಿದರೆ ಅಗಸೆಯಲ್ಲಿ ಗೋಧಿ ಕಾಳು! ಒಂದಲ್ಲ, ಹುಡುಕಿದಷ್ಟೂ ಸಿಕ್ಕಿತು. ವಾಪಸ್ ಹೋಗಿ ಕೇಳಿದರೆ, ಅದೇನು ವಿಷಾನಾ ಮೇಡಂ, ಆರಿಸಿ ಹಾಕಿ ಅಂದರು. ಆಗಲೇ ನೋಡಿದ್ದು, ಗೋಧಿ ನುಚ್ಚಿನ ಡಬ್ಬಿ ಪಕ್ಕದಲ್ಲೇ ಇತ್ತು, ಎರಡಕ್ಕೂ ಒಂದೇ ಸೌಟು. ಇನ್ನೊಂದು ಕಡೆ ಪ್ಯಾಕೆಟ್ಟಿನಲ್ಲಿ ಬರುವ ಹುರಿದ ಬೀಜದ ಮಿಶ್ರಣ ತಗೊಂಡೆ, ಅದರ ಹಿಂದೆ ಸಣ್ಣ ಅಕ್ಷರದಲ್ಲಿ ಗೋಧಿ ಇರಬಹುದು ಅಂತ ಬರೆದಿತ್ತು. ಅದನ್ನೂ ಕೊಡಲಿಲ್ಲ.

ಕೇಳಬೇಕಾಗಿರುವುದು ಇಷ್ಟು. ಯಾವ ಬೀಜ ಧೈರ್ಯವಾಗಿ ಕೊಡಬಹುದು? ತೊಳೆದರೆ ಸಾಕಾ? ಅಂಗಡಿಯ ಹುಚ್ಚೆಳ್ಳು ಚಟ್ನಿಪುಡಿ, ಚಿಕ್ಕಿ, ಎಳ್ಳುಂಡೆ ಇವೆಲ್ಲ ಕೊಡಬಹುದಾ? ಅವಳೊಬ್ಬಳಿಗೇ ಬೇರೆ ಅಡುಗೆ ಅನ್ನೋದು ಬೇಡ ಅಂತ ಮುಂದಿನ ತಿಂಗಳಿಂದ ಮನೆಯವರೆಲ್ಲ ಗೋಧಿ ಬಿಡೋಣ ಅಂದುಕೊಂಡಿದ್ದೇವೆ. ಅವಳಿಗೆ ಒಬ್ಬ ತಮ್ಮ ಇದ್ದಾನೆ, ಅವನೂ ಸೇರಿ.

—

ನಂದಿ_ತಪ್ಪಲು (ಚಿಕ್ಕಬಳ್ಳಾಪುರ):

ಅಕ್ಕ, ಎಳ್ಳು ಅಗಸೆ ಏನಿದ್ದರೂ ಹುರಿದೇ ತಿನ್ನೋದು ಅಲ್ವಾ? ಚೆನ್ನಾಗಿ ಹುರಿದರೆ ಆ ಗ್ಲುಟೆನ್ ಅಂಶ ಸುಟ್ಟು ಹೋಗಲ್ವಾ? ನಮ್ಮ ಅಮ್ಮ ಏನು ತಂದರೂ ಮೊದಲು ಬಾಣಲೆಗೆ ಹಾಕುತ್ತಾರೆ. ಇನ್ನೊಂದು, ಹಳೇ ಕಾಲದ ಕಪಲಿ ಗೋಧಿಯಲ್ಲಿ ಗ್ಲುಟೆನ್ ಇರಲ್ಲ ಅಂತ ಒಂದು ವಿಡಿಯೋದಲ್ಲಿ ನೋಡಿದ್ದೆ. ನಿಜಾನಾ? ನನ್ನ ಅತ್ತಿಗೆಯ ಮಗುವಿಗೂ ಇದೇ ಕಾಯಿಲೆ ಇರಬಹುದು ಅಂತ ಹೇಳಿದ್ದಾರೆ, ಅದಕ್ಕೇ ಕೇಳುತ್ತಿದ್ದೇನೆ.

—

ಬಂಗಾರಪೇಟೆ_ಅಕ್ಕ (ಕೋಲಾರ ಜಿಲ್ಲೆ):

ನಂದಿ ಅವರೇ, ಎರಡೂ ನಿಜ ಅಲ್ಲ, ದಯವಿಟ್ಟು ನಿಮ್ಮ ಅತ್ತಿಗೆಗೆ ಇವತ್ತೇ ಹೇಳಿ. ಗ್ಲುಟೆನ್ ಅನ್ನೋದು ಕ್ರಿಮಿ ಅಲ್ಲ ಬಿಸಿಗೆ ಸಾಯೋಕೆ. ಅದು ಪ್ರೋಟೀನು. ಹುರಿದರೂ ಬೇಯಿಸಿದರೂ ಕರಿದರೂ ಸೀಲಿಯಾಕ್ ಇರುವವರ ಕರುಳಿಗೆ ಅದು ಅದೇ ಕೆಲಸ ಮಾಡುತ್ತೆ. ಹಾಗಿಲ್ಲದಿದ್ದರೆ ಕೆಂಡದ ಮೇಲೆ ಸುಟ್ಟ ಚಪಾತಿ ನಾವೆಲ್ಲ ತಿನ್ನಬಹುದಿತ್ತು. ಕಪಲಿಯೂ ಗೋಧಿಯ ಜಾತಿಯೇ, ಅದರಲ್ಲೂ ಗ್ಲುಟೆನ್ ಇದೆ. ಆ ವಿಡಿಯೋ ನಂಬಿ ಮಗುವಿಗೆ ಕೊಟ್ಟುಬಿಟ್ಟೀರಿ.

ಗುಬ್ಬಿಗೇಟ್ ಅಮ್ಮ, ನನಗೂ ಸೀಲಿಯಾಕ್ ಇದೆ, ಬಹಳ ವರ್ಷದಿಂದ. ಡಾಕ್ಟರ್ ಅಲ್ಲ, ಈ ಕಾಯಿಲೆ ಇಟ್ಟುಕೊಂಡು ಅಡುಗೆ ಮಾಡಿಕೊಂಡು ಬಂದವಳು. ನಾನು ಹೇಳೋದು ಒಂದೇ ಮಾತು. ಬೀಜದ ತಪ್ಪು ಏನೂ ಇಲ್ಲ, ಅದು ಬಂದ ದಾರಿ ನೋಡಿ. ಎಳ್ಳು, ಹುಚ್ಚೆಳ್ಳು, ಅಗಸೆ, ಸೂರ್ಯಕಾಂತಿ, ಕುಂಬಳದ ಬೀಜ, ಚಿಯಾ, ಕಾಮಕಸ್ತೂರಿ, ದಂಟಿನ ಬೀಜ, ಸಾಸಿವೆ, ಮೆಂತ್ಯ, ಯಾವುದರಲ್ಲೂ ಗ್ಲುಟೆನ್ ಇಲ್ಲ. ಗೋಧಿ, ಬಾರ್ಲಿ, ರೈ, ಈ ಮೂರು ಮತ್ತು ಅವುಗಳ ಸಂಬಂಧಿಕ ಧಾನ್ಯಗಳಲ್ಲಿ ಮಾತ್ರ ಅದು ಇರೋದು. ಆದರೆ ಹೊಲದಿಂದ ನಮ್ಮ ಮನೆ ಡಬ್ಬಿಗೆ ಬರುವ ಹೊತ್ತಿಗೆ ಆ ಬೀಜ ಎಷ್ಟು ಕಡೆ ಗೋಧಿ ಜೊತೆ ಸೇರಿತು ಅನ್ನೋದೇ ಪ್ರಶ್ನೆ.

ಅಗಸೆಯಲ್ಲಿ ಗೋಧಿ ಸಿಕ್ಕಿದ್ದು ನನಗೆ ಆಶ್ಚರ್ಯ ಇಲ್ಲ. ನಮ್ಮ ಅಂಗಡಿಗೆ ಬರುವ ಅಗಸೆ ಹೆಚ್ಚಾಗಿ ಮಧ್ಯಪ್ರದೇಶ, ಛತ್ತೀಸಗಢದ ಕಡೆಯದು. ಅಲ್ಲಿ ಅದು ಹಿಂಗಾರಿನ ಬೆಳೆ, ಗೋಧಿಯೂ ಅದೇ ಕಾಲದ ಬೆಳೆ. ಪಕ್ಕಪಕ್ಕದ ಹೊಲ, ಒಕ್ಕಣೆಗೆ ಅದೇ ಯಂತ್ರ, ಅದೇ ಮಂಡಿ, ಅದೇ ಗೋಣಿಚೀಲ. ಜೀರಿಗೆ, ಕೊತ್ತಂಬರಿ ಬೀಜದ ಕತೆಯೂ ಇದೇ. ರಾಜಸ್ಥಾನ, ಗುಜರಾತಿನ ಕಡೆ ಅವೂ ಚಳಿಗಾಲದ ಬೆಳೆ. ಸಾರಿನ ಪುಡಿಗೆ ಕೊತ್ತಂಬರಿ ಬೀಜ ಹುರಿಯುವ ಮುಂಚೆ ಒಂದು ಸಲ ಬಿಳಿ ಬಟ್ಟೆ ಮೇಲೆ ಹರಡಿ ನೋಡಿ. ಯಾರೂ ಇದನ್ನು ಹೇಳಿಕೊಡಲ್ಲ, ಆದರೆ ದಿನಾ ಸಾರು ತಿನ್ನೋರು ನಾವು.

ಇನ್ನು ತೊಳೆಯೋ ವಿಷಯ. ಎಲ್ಲ ಬೀಜಕ್ಕೂ ಒಂದೇ ಮದ್ದು ನಡೆಯಲ್ಲ. ಎಳ್ಳು, ಹುಚ್ಚೆಳ್ಳು ತೊಳೆದು ಜಾಲಿಸಬಹುದು. ನೀರು ತಿಳಿಯಾಗುವವರೆಗೆ ತೊಳೆದು, ಕಲ್ಲು ಮಣ್ಣು ಕೆಳಗೆ ಬಿಟ್ಟು ಎತ್ತಿಕೊಂಡು, ಬಟ್ಟೆ ಮೇಲೆ ಚೆನ್ನಾಗಿ ಒಣಗಿಸಿ ಹುರಿದರೆ ಆಯಿತು. ಮೇಲೆ ಅಂಟಿರುವ ಹಿಟ್ಟಿನ ಧೂಳು ಹೋಗುತ್ತೆ. ಕುಂಬಳದ ಬೀಜ, ಸೂರ್ಯಕಾಂತಿ ಬೀಜವನ್ನೂ ಹಾಗೇ ತೊಳೆದು ಒಣಗಿಸಿ. ಆದರೆ ಅಗಸೆ, ಚಿಯಾ, ಕಾಮಕಸ್ತೂರಿ ನೀರು ಬಿದ್ದ ಕೂಡಲೇ ಲೋಳೆ ಆಗುತ್ತವೆ, ತೊಳೆಯೋಕೆ ಬರಲ್ಲ. ಅವಕ್ಕೆ ಜರಡಿಯೇ ಗತಿ. ಸಣ್ಣ ಕಣ್ಣಿನ ಜರಡಿ ಹಿಡಿದರೆ ಬೀಜ ಕೆಳಗೆ ಬೀಳುತ್ತೆ, ಗೋಧಿ ಕಾಳು ಮೇಲೆ ನಿಲ್ಲುತ್ತೆ. ಆದರೆ ನೀವು ಹೇಳಿದಂಥ ಅಂಗಡಿಯಲ್ಲಿ, ಗೋಧಿ ನುಚ್ಚಿನ ಸೌಟು ಬೀಜಕ್ಕೂ ಹಾಕುವ ಕಡೆ, ಜರಡಿಯೂ ಕೈ ಕೊಡುತ್ತೆ. ನುಚ್ಚು, ರವೆ ಬೀಜದ ಜೊತೆಗೇ ಕೆಳಗೆ ಇಳಿಯುತ್ತೆ. ಅಲ್ಲಿ ಬಿಡಿ ಬೀಜ ತಗೊಳ್ಳಲೇಬೇಡಿ. ಆರಿಸಿ ಹಾಕಿ ಅನ್ನುವವರಿಗೆ ಈ ಕಾಯಿಲೆ ಗೊತ್ತಿಲ್ಲ ಅಷ್ಟೇ.

ಮತ್ತೆ, ಜರಡಿ ಅಂದೆ ಅಲ್ವಾ, ಗೋಧಿ ಹಿಟ್ಟು ಜರಡಿ ಹಿಡಿದಿದ್ದನ್ನು ಇದಕ್ಕೆ ಬಳಸಬೇಡಿ! ಎಷ್ಟು ತೊಳೆದರೂ ಆ ಜಾಲರಿಯ ಸಂದಿಯಲ್ಲಿ ಹಿಟ್ಟು ಉಳಿಯುತ್ತೆ. ಮಗಳಿಗೆ ಅಂತ ಹೊಸ ಜರಡಿ, ಹೊಸ ಮರದ ಸೌಟು, ಒಂದು ಚಿಕ್ಕ ಬಾಣಲೆ ತೆಗೆದಿಡಿ. ಮಿಕ್ಸಿ ಜಾರಿನ ಮುಚ್ಚಳದ ರಬ್ಬರ್ ತೆಗೆದು ತೊಳೆಯಿರಿ, ಆಗುವುದಾದರೆ ಜಾರೇ ಬೇರೆ ಮಾಡಿ. ಗೋಧಿ ಕೇರುತ್ತಿದ್ದ ಮೊರವೂ ಬೇಡ. ಸ್ಟೀಲ್ ಪಾತ್ರೆ ಚೆನ್ನಾಗಿ ತೊಳೆದರೆ ಸಾಕು, ಅದಕ್ಕೆ ಹೆದರಬೇಕಿಲ್ಲ.

—

ಮಧುಗಿರಿ_ಹೊಲ (ತುಮಕೂರು ಜಿಲ್ಲೆ):

ಅಮ್ಮಾ, ನಾನು ಬೇಸಾಯ ಮಾಡುವವನು. ಕಾಯಿಲೆ ಬಗ್ಗೆ ಗೊತ್ತಿಲ್ಲ, ಬೀಜ ಎಲ್ಲಿಂದ ಬರುತ್ತೆ ಅನ್ನೋದು ಗೊತ್ತು.

ನಮ್ಮ ಕಡೆ ಗೋಧಿ ಬೆಳೆಯೋದೇ ಇಲ್ಲ ಅಂದರೂ ಸರಿಯೇ. ಅದೆಲ್ಲ ಧಾರವಾಡ, ಬಾಗಲಕೋಟೆ, ವಿಜಯಪುರದ ಕಡೆ. ಹುಚ್ಚೆಳ್ಳನ್ನು ನಾವು ರಾಗಿ ಹೊಲದಲ್ಲಿ ಅಕ್ಕಡಿ ಸಾಲಿಗೆ ಹಾಕುತ್ತೇವೆ. ಅವರೆ, ಸಾಸಿವೆ, ಜೋಳ, ಹುಚ್ಚೆಳ್ಳು, ಎಲ್ಲ ಅದರಲ್ಲೇ. ಅದರ ಪಕ್ಕದಲ್ಲಿ ಇರೋದು ರಾಗಿ. ಅದರಲ್ಲಿ ಏನಾದರೂ ಬೆರೆತರೆ ರಾಗಿ ಕಾಳು ಬೆರೆಯಬೇಕು, ಅದು ನಿಮ್ಮ ಮಗಳು ದಿನಾ ತಿನ್ನೋದೇ. ಎಳ್ಳು ಪೂರ್ವ ಮುಂಗಾರಿನ ಬೆಳೆ, ಮಳೆ ಸರಿಯಾಗಿ ಬಿದ್ದ ವರ್ಷ ಬೇಸಿಗೆ ಕೊನೆಗೆ ಬಿತ್ತಿ ರಾಗಿ ಕೆಲಸ ಜೋರಾಗುವ ಹೊತ್ತಿಗೆ ಕಿತ್ತು, ಕಟ್ಟು ಕಟ್ಟಿ ಒಣಗಿಸಿ, ಬಡಿದು ಕೇರುತ್ತೇವೆ. ಬಾಡಿಗೆಗೆ ಬರುವ ಒಕ್ಕಣೆ ಯಂತ್ರದಲ್ಲೂ ಈ ಕಡೆ ಹೋಗೋದು ರಾಗಿ, ಹುರುಳಿ, ಅವರೆ, ಜೋಳ.

ಹಾಗಾಗಿ ನನ್ನ ಮಾತು ಕೇಳಿದರೆ, ವರ್ಷಕ್ಕೆ ಬೇಕಾದ ಹುಚ್ಚೆಳ್ಳು, ಎಳ್ಳು ಸುಗ್ಗಿಯಲ್ಲಿ ಗೊತ್ತಿರುವ ರೈತರ ಮನೆಯಿಂದಲೇ ತಗೊಳ್ಳಿ. ಮಧುಗಿರಿ, ಶಿರಾ, ಪಾವಗಡ ಕಡೆ ನಿಮಗೆ ನೆಂಟರು ಇದ್ದೇ ಇರುತ್ತಾರೆ. ಒಂದು ವಿಷಯ ಮಾತ್ರ ಹೇಳಬೇಕು. ಚೀಲ ನೋಡಿ. ನಾವು ರೈತರು ಹಳೇ ಚೀಲ ಕೊಂಡು ತುಂಬುತ್ತೇವೆ, ಅದರಲ್ಲಿ ಮೊದಲು ಗೋಧಿಯೋ ಮೈದಾವೋ ಇದ್ದಿರಬಹುದು. ಒಗೆದ ಬಟ್ಟೆ ಚೀಲ ನೀವೇ ಕೊಟ್ಟು, ಕಣದಿಂದ ನೇರ ಅದಕ್ಕೇ ತುಂಬಿಸಿ ಅಂತ ಹೇಳಿ. ಯಾರೂ ಬೇಜಾರು ಮಾಡಿಕೊಳ್ಳಲ್ಲ.

ಮಧ್ಯವರ್ತಿ ಇಲ್ಲದೆ ಸಿಗುವ ಇನ್ನೊಂದು ಜಾಗ ಎಣ್ಣೆ ಗಾಣ. ಅವರು ಕಡಲೆಕಾಯಿ, ಎಳ್ಳು, ಹುಚ್ಚೆಳ್ಳು ಚೀಲಗಟ್ಟಲೆ ಇಟ್ಟಿರುತ್ತಾರೆ, ಕೇಳಿದರೆ ಒಂದೆರಡು ಸೇರು ಕೊಡುತ್ತಾರೆ. ಪಕ್ಕದಲ್ಲೇ ಹಿಟ್ಟಿನ ಮಿಷನ್ ಇಟ್ಟಿರುವ ಗಾಣ ಆದರೆ ಬೇಡ.

ಅಗಸೆ ನಮ್ಮ ಕಡೆ ಇಲ್ಲ. ಚಿಯಾ ಈಗ ಮೈಸೂರು, ಎಚ್.ಡಿ. ಕೋಟೆ ಕಡೆ ಬೆಳೆಯುತ್ತಾರೆ, ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐನವರು ಅದರ ತಳಿ ಕೊಟ್ಟಿದ್ದಾರೆ.

—

ಗುಬ್ಬಿಗೇಟ್_ಅಮ್ಮ:

ಅಣ್ಣಾ, ಇದು ನನಗೆ ಹೊಳೆದೇ ಇರಲಿಲ್ಲ. ನಮ್ಮ ಅತ್ತೆ ತವರು ಕೊರಟಗೆರೆ ಕಡೆ, ಅಲ್ಲಿ ಈಗಲೂ ಹುಚ್ಚೆಳ್ಳು ಹಾಕುತ್ತಾರೆ. ಫೋನ್ ಮಾಡಿ ಹೇಳಿಸುತ್ತೇನೆ.

ಬಂಗಾರಪೇಟೆ ಅಕ್ಕ, ಜರಡಿ, ಸೌಟು ಇವತ್ತೇ ಬದಲಾಯಿಸಿದೆ. ಎರಡು ವಿಷಯ ಇನ್ನೂ ಕೇಳಬೇಕು. ಒಂದೆರಡು ಗೋಧಿ ಕಾಳು ಕಣ್ಣು ತಪ್ಪಿ ಹೊಟ್ಟೆಗೆ ಹೋದರೆ ಏನಾಗುತ್ತೆ? ಈ ಭಯಕ್ಕೆ ನನಗೆ ನಿದ್ದೆ ಬರುತ್ತಿಲ್ಲ, ಊಟ ಬಡಿಸುವಾಗ ಕೈ ನಡುಗುತ್ತೆ. ಮತ್ತೆ ಹೋದ ವಾರ ಅಗಸೆ ಪುಡಿ (ಪ್ಯಾಕೆಟ್ಟಿನದು, ಗ್ಲುಟೆನ್ ಫ್ರೀ ಅಂತ ಇತ್ತು) ಎರಡು ದೊಡ್ಡ ಚಮಚ ಮಜ್ಜಿಗೆಗೆ ಹಾಕಿ ಕೊಟ್ಟೆ, ಸಂಜೆಗೆ ಹೊಟ್ಟೆ ಉಬ್ಬರಿಸಿ ಒದ್ದಾಡಿಬಿಟ್ಟಳು. ಪ್ಯಾಕೆಟ್ಟಿನಲ್ಲಿ ಸುಳ್ಳು ಬರೆದಿದ್ದಾರಾ?

—

ಊಟದ_ಲೆಕ್ಕ (ಚಿಕ್ಕಬಳ್ಳಾಪುರ):

ನಾನು ಡಯಟಿಷಿಯನ್, ಸೀಲಿಯಾಕ್ ಇರುವ ಮಕ್ಕಳನ್ನು ನೋಡುತ್ತೇನೆ. ಮೊದಲು ತಮ್ಮನ ವಿಷಯ, ಯಾಕಂದರೆ ಅದಕ್ಕೆ ಸಮಯದ ಮಿತಿ ಇದೆ.

ಮನೆಯವರೆಲ್ಲ ಗೋಧಿ ಬಿಡುವ ಮುಂಚೆ ತಮ್ಮನಿಗೂ, ನಿಮ್ಮಿಬ್ಬರಿಗೂ ರಕ್ತ ಪರೀಕ್ಷೆ ಮಾಡಿಸಿ. ಒಬ್ಬರಿಗೆ ಸೀಲಿಯಾಕ್ ಇದ್ದರೆ ಅಪ್ಪ, ಅಮ್ಮ, ಒಡಹುಟ್ಟಿದವರಲ್ಲಿ ನೂರಕ್ಕೆ 5ರಿಂದ 10 ಜನರಿಗೆ ಅದು ಇರುತ್ತೆ. ಏನೂ ತೊಂದರೆ ಕಾಣಿಸದೆಯೂ ಇರಬಹುದು. ಟಿಟಿಜಿ ಐಜಿಎ ಅನ್ನುವ ಪರೀಕ್ಷೆ, ಜೊತೆಗೆ ಒಟ್ಟು ಐಜಿಎ (ರಕ್ತದಲ್ಲಿರುವ ಒಂದು ರೋಗನಿರೋಧಕ ಪ್ರೋಟೀನು) ನೋಡಬೇಕು, ಏಕೆಂದರೆ ಕೆಲವರಿಗೆ ಐಜಿಎ ಹುಟ್ಟಿನಿಂದಲೇ ಕಡಿಮೆ ಇರುತ್ತೆ, ಅಂಥವರಲ್ಲಿ ಮೊದಲನೆಯ ಪರೀಕ್ಷೆ ಕಾಯಿಲೆ ಇದ್ದರೂ ಇಲ್ಲ ಅಂತ ತೋರಿಸಬಹುದು. ಗೋಧಿ ತಿನ್ನುತ್ತಿರುವಾಗಲೇ ಈ ಪರೀಕ್ಷೆಗೆ ಅರ್ಥ. ಕೆಲವು ತಿಂಗಳು ಗೋಧಿ ಬಿಟ್ಟು ಆಮೇಲೆ ಮಾಡಿಸಿದರೆ ಫಲಿತಾಂಶ ಕೆಳಗಿಳಿದಿರುತ್ತೆ, ಆಗ ಮತ್ತೆ ಗೋಧಿ ತಿನ್ನಿಸಿ ನೋಡಬೇಕಾಗುತ್ತೆ. ಆ ಹುಡುಗನಿಗೆ ಆ ಹಿಂಸೆ ಬೇಡ. ನಂದಿ ಅವರೇ, ನಿಮ್ಮ ಅತ್ತಿಗೆಯ ಮಗುವಿಗೂ ಇದೇ ಮಾತು. ಇರಬಹುದು ಅಂತ ಹೇಳಿದ್ದಾರೆ ಅಂತ ಈಗಲೇ ಗೋಧಿ ನಿಲ್ಲಿಸಬಾರದು, ಪರೀಕ್ಷೆ ಮೊದಲು.

ಈಗ ನಿಮ್ಮ ಭಯದ ಲೆಕ್ಕ ಮಾಡೋಣ. ಒಂದು ಗೋಧಿ ಕಾಳಿನ ತೂಕ ಸುಮಾರು 40 ಮಿಲಿಗ್ರಾಂ. ಅದರಲ್ಲಿ ಗ್ಲುಟೆನ್ ಸುಮಾರು 4 ಮಿಲಿಗ್ರಾಂ. ನಮ್ಮ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ, ಅಂದರೆ ಎಫ್‌ಎಸ್‌ಎಸ್‌ಎಐ, ಗ್ಲುಟೆನ್ ಫ್ರೀ ಅಂತ ಬರೆಯಬೇಕಾದರೆ ಒಂದು ಕಿಲೋದಲ್ಲಿ 20 ಮಿಲಿಗ್ರಾಂ ಮೀರಬಾರದು ಅಂತ ನಿಯಮ ಮಾಡಿದೆ. ಹಾಗಾದರೆ ಕಾಲು ಕಿಲೋ ಅಗಸೆಯಲ್ಲಿ ಎರಡು ಗೋಧಿ ಕಾಳು ಇದ್ದರೂ ಆ ಮಿತಿ ದಾಟಿತು. ಹುಡುಕಿದಷ್ಟೂ ಸಿಕ್ಕಿತು ಅಂದಿರಲ್ಲ, ಆ ಅಗಸೆ ಕೊಡದೇ ಇದ್ದದ್ದು ಸರಿ.

ಆದರೆ ಇನ್ನೊಂದು ಕಡೆಯಿಂದಲೂ ನೋಡಿ. ಸೀಲಿಯಾಕ್ ಇರುವ ಹೆಚ್ಚಿನವರಿಗೆ ದಿನಕ್ಕೆ 10 ಮಿಲಿಗ್ರಾಂ ಒಳಗೆ ಹೋದರೆ ಕರುಳಿಗೆ ಹಾನಿ ಆಗುವ ಸಾಧ್ಯತೆ ಕಡಿಮೆ. ದಿನಾ 50 ಮಿಲಿಗ್ರಾಂ, ಮೂರು ತಿಂಗಳು ಒಳಗೆ ಹೋದರೆ ಹಾನಿ ಆಗುತ್ತೆ ಅಂತ 2007ರಲ್ಲಿ ಬಂದ ಇಟಲಿಯ ಅಧ್ಯಯನ ತೋರಿಸಿದೆ. ಯಾವತ್ತೋ ಒಂದು ದಿನ ಒಂದು ಕಾಳು ಕಣ್ಣು ತಪ್ಪಿ ಹೋದರೆ ಮಗಳ ಕರುಳು ಹಾಳಾಗಿ ಹೋಗಲ್ಲ. ನಿದ್ದೆ ಮಾಡಿ. ದಿನಾ ಸ್ವಲ್ಪ ಸ್ವಲ್ಪ ಒಳಗೆ ಹೋಗುವುದು, ಅದೂ ಗೊತ್ತಾಗದೆ ಹೋಗುವುದು, ಅದಕ್ಕೆ ಹೆದರಬೇಕು. ಅದು ಕಾಳಿನಿಂದ ಆಗೋದು ಕಡಿಮೆ, ಹಿಟ್ಟಿನಿಂದ ಜಾಸ್ತಿ. ಒಂದೇ ಒಂದು ಗ್ರಾಂ ಗೋಧಿ ಹಿಟ್ಟಿನಲ್ಲಿ 80ರಿಂದ 100 ಮಿಲಿಗ್ರಾಂ ಗ್ಲುಟೆನ್ ಇರುತ್ತೆ. ಕಾಳು ಕಣ್ಣಿಗೆ ಕಾಣುತ್ತೆ, ಎತ್ತಿ ಬಿಸಾಡಬಹುದು. ಹಿಟ್ಟು ಕಾಣಲ್ಲ.

ಅದಕ್ಕೇ ಕೇಳುತ್ತೇನೆ, ರಾಗಿ ಎಲ್ಲಿ ಬೀಸಿಸುತ್ತೀರಿ? ಬೀಜದ ಬಗ್ಗೆ ಇಷ್ಟು ಎಚ್ಚರ ಇರುವ ಮನೆಗಳಲ್ಲೂ ರಾಗಿ, ಅಕ್ಕಿ ಹಿಟ್ಟು ಬೀದಿ ಕೊನೆಯ ಮಿಷನ್ನಿನಲ್ಲೇ ಆಗುತ್ತೆ. ಹಿಂದಿನವರು ಗೋಧಿ ಹಾಕಿಸಿಕೊಂಡು ಹೋಗಿರುತ್ತಾರೆ, ಮಿಷನ್ನಿನ ಹೊಟ್ಟೆಯಲ್ಲಿ ಉಳಿದ ಗೋಧಿ ಹಿಟ್ಟು ನಿಮ್ಮ ರಾಗಿ ಜೊತೆ ಬರುತ್ತೆ. ಅಗಸೆಯ ಎರಡು ಕಾಳಿಗಿಂತ ಇದು ಎಷ್ಟೋ ಪಾಲು ದೊಡ್ಡದು. ಮುದ್ದೆ ದಿನಾ ತಿನ್ನೋದು ನೋಡಿ. ಮನೆಯಲ್ಲಿಡುವ ಚಿಕ್ಕ ಹಿಟ್ಟಿನ ಯಂತ್ರ ಕೊಳ್ಳಲು ಆದರೆ ಅದೇ ಒಳ್ಳೆಯದು. ಇಲ್ಲದಿದ್ದರೆ ರಾಗಿ ಮಾತ್ರ ಬೀಸುವ ಮಿಷನ್ ಹುಡುಕಿ, ನಮ್ಮ ಮೂರೂ ಜಿಲ್ಲೆಯಲ್ಲಿ ಅಂಥವು ಹಳ್ಳಿಗಳಲ್ಲಿ ಇನ್ನೂ ಸಿಗುತ್ತವೆ. ಎರಡೂ ಆಗದಿದ್ದರೆ ಗ್ಲುಟೆನ್ ಫ್ರೀ ಅಂತ ಪರೀಕ್ಷೆ ಆದ ಹಿಟ್ಟಿನ ಪ್ಯಾಕೆಟ್. ಮೊದಲು ಬೇರೆಯವರ ಅಕ್ಕಿ ಬೀಸಿ ಆಮೇಲೆ ನಮ್ಮದು ಹಾಕಿ ಅಂತ ಕೆಲವರು ಮಾಡುತ್ತಾರೆ. ಸ್ವಲ್ಪ ಕಡಿಮೆ ಆಗುತ್ತೆ, ಪೂರ್ತಿ ಹೋಗಲ್ಲ. ನಾನು ಅದನ್ನು ಒಪ್ಪಲ್ಲ.

ಹೊಟ್ಟೆ ಉಬ್ಬರದ ವಿಷಯಕ್ಕೆ ಬಂದರೆ, ಪ್ಯಾಕೆಟ್ಟಿನ ತಪ್ಪು ಅಂತ ನನಗೆ ಅನಿಸಲ್ಲ. ಎರಡು ದೊಡ್ಡ ಚಮಚ ಅಗಸೆ ಪುಡಿ ಒಂದೇ ಸಲ, ಅದೂ ಕರುಳು ಇನ್ನೂ ಮಾಯುತ್ತಿರುವ ಮಗುವಿಗೆ, ಜಾಸ್ತಿ ಆಯಿತು. ಅದರಲ್ಲಿ ನಾರಿನಂಶ ಬಹಳ. ಅರ್ಧ ಟೀ ಚಮಚದಿಂದ ಶುರು ಮಾಡಿ, ವಾರ ವಾರಕ್ಕೆ ಏರಿಸಿ, ಜೊತೆಗೆ ನೀರು ಚೆನ್ನಾಗಿ ಕುಡಿಯಲಿ. ಇನ್ನೊಂದು ಅನುಮಾನ ಮಜ್ಜಿಗೆ ಮೇಲೂ ಇದೆ. ಹೊಸದಾಗಿ ಸೀಲಿಯಾಕ್ ಗೊತ್ತಾದವರಲ್ಲಿ ಹಾಲಿನ ಸಕ್ಕರೆ ಜೀರ್ಣ ಮಾಡುವ ಶಕ್ತಿ ಕೆಲವು ಕಾಲ ಕಡಿಮೆ ಇರುತ್ತೆ, ಕರುಳು ಸುಧಾರಿಸಿದ ಮೇಲೆ ಸಾಮಾನ್ಯವಾಗಿ ಸರಿಹೋಗುತ್ತೆ. ಹೊಟ್ಟೆ ಉಬ್ಬರಿಸಿದ್ದೆಲ್ಲ ಗ್ಲುಟೆನ್ ಅಂತ ತಿಳಿದರೆ ಕೊನೆಗೆ ಮಗುವಿಗೆ ಕೊಡಲು ಏನೂ ಉಳಿಯಲ್ಲ. ಆದರೆ ಪದೇಪದೇ ಆದರೆ ಡಾಕ್ಟರಿಗೆ ತೋರಿಸಿ, ಮತ್ತೆ ಮಾಡುವ ರಕ್ತ ಪರೀಕ್ಷೆಯಲ್ಲಿ ಟಿಟಿಜಿ ಇಳಿಯುತ್ತಿದೆಯಾ ಅಂತ ನೋಡಿದರೆ ಮನೆಯ ಅಡುಗೆ ಸರಿಯಾಗಿದೆಯಾ ಅನ್ನೋದು ಗೊತ್ತಾಗುತ್ತೆ.

ಬೀಜ ಇಡಿಯಾಗಿ ನುಂಗಿದರೆ ಪ್ರಯೋಜನ ಕಡಿಮೆ, ಅಗಸೆಯಂತೂ ಹಾಗೇ ಹೊರಗೆ ಹೋಗುತ್ತೆ. ಪುಡಿ ಮಾಡಿ ಕೊಡಿ. ಚಿಯಾ, ಕಾಮಕಸ್ತೂರಿ ನೆನೆಸದೆ ಕೊಡಲೇಬಾರದು, ಒಣ ಬೀಜ ಗಂಟಲಲ್ಲಿ ಊದಿಕೊಂಡು ಸಿಕ್ಕಿಹಾಕಿಕೊಳ್ಳಬಹುದು. ಸಿಪ್ಪೆ ಇರುವ ಎಳ್ಳಿನಲ್ಲಿ 100 ಗ್ರಾಂಗೆ ಸುಮಾರು 975 ಮಿಲಿಗ್ರಾಂ ಕ್ಯಾಲ್ಸಿಯಂ ಅಂತ ಲೆಕ್ಕ ಇದೆ, ರಾಗಿಯಲ್ಲಿ 350ರ ಆಸುಪಾಸು. ಆದರೆ ಎಳ್ಳಿನ ಸಿಪ್ಪೆಯಲ್ಲಿ ಆಕ್ಸಲೇಟ್ ಇರುವುದರಿಂದ ಅದೆಲ್ಲ ಮೈಗೆ ಹತ್ತಲ್ಲ, ಮತ್ತೆ ದಿನಕ್ಕೆ ಒಂದೆರಡು ಚಮಚಕ್ಕಿಂತ ಯಾರೂ ಎಳ್ಳು ತಿನ್ನಲ್ಲ. ಹಾಗಾಗಿ ಮುದ್ದೆಯನ್ನು ಎಳ್ಳಿಗಾಗಿ ಬಿಡಬೇಡಿ, ಎರಡೂ ಇರಲಿ. ಕುಂಬಳದ ಬೀಜದಲ್ಲಿ ಕಬ್ಬಿಣ, ಸತು ಎರಡೂ ಇವೆ. ನಿಂಬೆಹಣ್ಣು, ನೆಲ್ಲಿಕಾಯಿ ಜೊತೆ ಕೊಟ್ಟರೆ ಕಬ್ಬಿಣ ಚೆನ್ನಾಗಿ ಹೀರುತ್ತೆ, ಊಟದ ಜೊತೆಗೆ ಟೀ ಕುಡಿದರೆ ಕೆಡುತ್ತೆ. ಡಾಕ್ಟರ್ ಕೊಟ್ಟ ಕಬ್ಬಿಣದ ಮಾತ್ರೆಯನ್ನು ಬೀಜ ಕೊಡುತ್ತಿದ್ದೇವಲ್ಲ ಅಂತ ನಿಲ್ಲಿಸಬೇಡಿ.

—

ನಂದಿ_ತಪ್ಪಲು:

ಮೇಡಂ, ತುಂಬಾ ಉಪಕಾರ ಆಯಿತು. ಅತ್ತಿಗೆಗೆ ಈಗ ತಾನೇ ಫೋನ್ ಮಾಡಿದೆ, ಅವರು ಗೋಧಿ ನಿಲ್ಲಿಸುವವರಿದ್ದರು. ಪರೀಕ್ಷೆಗೆ ಕರೆದುಕೊಂಡು ಹೋಗುತ್ತೇವೆ.

—

ಬಂಗಾರಪೇಟೆ_ಅಕ್ಕ:

ಚಟ್ನಿಪುಡಿ, ಚಿಕ್ಕಿ ಕೇಳಿದ್ದಿರಿ, ಉತ್ತರ ಹೇಳದೇ ಹೋಗಿದ್ದೆ.

ಅಂಗಡಿ ಹುಚ್ಚೆಳ್ಳು ಪುಡಿ ಬೇಡ. ಹುಚ್ಚೆಳ್ಳಿನಿಂದ ಅಲ್ಲ, ಇಂಗಿನಿಂದ. ಪುಡಿ ಇಂಗಿನ ಡಬ್ಬಿ ತಿರುಗಿಸಿ ಓದಿ, ಹೆಚ್ಚಿನದರಲ್ಲಿ ಮೈದಾ ಅಥವಾ ಗೋಧಿ ಹಿಟ್ಟು ಇರುತ್ತೆ. ಅದು ಸಾರಿಗೆ, ಉಪ್ಪಿನಕಾಯಿಗೆ, ಪುಡಿಗೆ ದಿನಾ ಬೀಳುತ್ತೆ. ಅಕ್ಕಿ ಹಿಟ್ಟಿನಲ್ಲಿ ಮಾಡಿದ ಇಂಗು ಸಿಗುತ್ತೆ, ನೋಡಿ ತಗೊಳ್ಳಿ, ಇಲ್ಲ ಅಂದರೆ ಬೆಳ್ಳುಳ್ಳಿ ಹಾಕಿ ಇಂಗು ಬಿಟ್ಟುಬಿಡಿ. ಮನೆಯಲ್ಲಿ ಪುಡಿ ಮಾಡೋಕೆ ಎಷ್ಟು ಹೊತ್ತು ಬೇಕು? ಹುಚ್ಚೆಳ್ಳು ತೊಳೆದು ಒಣಗಿಸಿ, ಸಣ್ಣ ಉರಿಯಲ್ಲಿ ಚಟಪಟ ಅನ್ನುವವರೆಗೆ ಹುರಿದು, ಒಣಮೆಣಸಿನಕಾಯಿ, ಬೆಳ್ಳುಳ್ಳಿ, ಹುಣಸೆಹಣ್ಣು, ಉಪ್ಪು ಹಾಕಿ ಮಿಕ್ಸಿಯಲ್ಲಿ ತಿರುಗಿಸಿದರೆ ಮುಗಿಯಿತು. ಜಾಸ್ತಿ ಹೊತ್ತು ತಿರುಗಿಸಬೇಡಿ, ಎಣ್ಣೆ ಬಿಟ್ಟು ಮುದ್ದೆ ಕಟ್ಟುತ್ತೆ. ಬದನೆಕಾಯಿ ಪಲ್ಯಕ್ಕೆ ಇದೇ ಪುಡಿ ಉದುರಿಸಿ, ಬಿಸಿ ಮುದ್ದೆ ಜೊತೆ ಕೊಡಿ, ಮಗಳು ಬೇಡ ಅನ್ನಲ್ಲ.

ಚಿಕ್ಕಿ, ಎಳ್ಳುಂಡೆ ಬೆಲ್ಲ ಮತ್ತು ಬೀಜದಲ್ಲೇ ಮಾಡೋದು, ಸೇರಿಸುವ ಪದಾರ್ಥದಲ್ಲಿ ತೊಂದರೆ ಇಲ್ಲ. ಬೇಕರಿಯಲ್ಲಿ ಬಿಡಿಯಾಗಿ ಮಾರುವುದು ಮಾತ್ರ ಬೇಡ, ಅಲ್ಲಿ ಗಾಳಿಯಲ್ಲೇ ಮೈದಾ. ಸಂಕ್ರಾಂತಿ ಎಳ್ಳು ಬೆಲ್ಲ ಖುಷಿಯಾಗಿ ತಿನ್ನಲಿ. ಎಳ್ಳು, ಬೆಲ್ಲ, ಕೊಬ್ಬರಿ, ಹುರಿಗಡಲೆ, ಕಡಲೆಕಾಯಿ ಬೀಜ, ಯಾವುದರಲ್ಲೂ ಗ್ಲುಟೆನ್ ಇಲ್ಲ, ನೀವೇ ಮಾಡಿದ್ದಾದರೆ ನಿಶ್ಚಿಂತೆ. ನಾಗರಪಂಚಮಿಯ ಚಿಗಳಿಯೂ ಹಾಗೇ. ತಂಬಿಟ್ಟು ಮಾತ್ರ ಕೇಳಿ ತಿನ್ನಲಿ, ಕೆಲವರ ಮನೆಯಲ್ಲಿ ಅಕ್ಕಿ ಬದಲು ಗೋಧಿ ಹುರಿದು ಮಾಡುತ್ತಾರೆ. ಹೆಲ್ತ್ ಮಿಕ್ಸ್ ಅಂತ ಬರುವ ಪುಡಿಗಳಲ್ಲಿ ರಾಗಿ, ಬೀಜ ಎಲ್ಲ ಹಾಕಿ ಜೊತೆಗೆ ಗೋಧಿ, ಬಾರ್ಲಿ ಕೂಡ ಹಾಕಿರುತ್ತಾರೆ. ಮಸಾಲೆ ಹಾಕಿ ಹುರಿದ ಬೀಜದ ಪ್ಯಾಕೆಟ್ಟಿನಲ್ಲಿ ಮಸಾಲೆ ಅಂಟಿಸೋಕೆ ಹಿಟ್ಟು ಬಳಸಿರಬಹುದು. ಪದಾರ್ಥಗಳ ಪಟ್ಟಿ ಪೂರ್ತಿ ಓದದೆ ಬುಟ್ಟಿಗೆ ಹಾಕಬೇಡಿ.

ಇನ್ನೊಂದು ನನಗೆ ಬಹಳ ಇಷ್ಟವಾದ ದಾರಿ. ಅಡುಗೆಮನೆಯಲ್ಲೇ ಬಿಸಾಡುವ ಬೀಜ. ಸಿಹಿಗುಂಬಳ ಹೆಚ್ಚಿದಾಗ ಬೀಜ ತೆಗೆದು ತೊಳೆದು ಒಣಗಿಸಿ ಹುರಿಯಿರಿ. ಕಲ್ಲಂಗಡಿ, ಕರಬೂಜದ ಬೀಜವೂ ಆಗುತ್ತೆ, ಬೇಸಿಗೆಯಲ್ಲಿ ನಮ್ಮ ಕೋಲಾರದ ಕಡೆ ಎಲ್ಲಿ ನೋಡಿದರೂ ಅವೇ. ಹಲಸಿನ ಕಾಲ ಬಂತು ಅಂದರೆ ನಿಮ್ಮ ತುಮಕೂರಿಗೆ ಚೇಳೂರು ಕಡೆಯಿಂದ ಹಣ್ಣು ಬರುತ್ತೆ, ಆ ಬೀಜ ಬೇಯಿಸಿ ಸಾರಿಗೆ ಹಾಕಿ, ಪಲ್ಯ ಮಾಡಿ. ಹಸಿಯಾಗಿ ಮಾತ್ರ ತಿನ್ನಬಾರದು. ಹಣ್ಣಿನೊಳಗಿಂದ ನೀವೇ ತೆಗೆದ ಬೀಜ ಯಾವ ಗೋಧಿ ಚೀಲವನ್ನೂ ಕಂಡಿರಲ್ಲ, ಅಷ್ಟು ಧೈರ್ಯ ಬೇರೆ ಯಾವ ಪ್ಯಾಕೆಟ್ಟೂ ಕೊಡಲ್ಲ.

—

ಗುಬ್ಬಿಗೇಟ್_ಅಮ್ಮ:

ಎಲ್ಲರಿಗೂ ಏನು ಹೇಳಬೇಕೋ ಗೊತ್ತಾಗುತ್ತಿಲ್ಲ. ಇಂಗಿನ ಡಬ್ಬಿ ನೋಡಿದೆ, ಗೋಧಿ ಹಿಟ್ಟು ಅಂತಲೇ ಇದೆ. ತೆಗೆದಿಟ್ಟಾಯಿತು. ತಮ್ಮನ ಪರೀಕ್ಷೆ, ನಮ್ಮಿಬ್ಬರದು, ಸೋಮವಾರ ಮಾಡಿಸುತ್ತೇವೆ, ಅಲ್ಲಿಯವರೆಗೆ ಅವನಿಗೆ ಚಪಾತಿ ಬೇರೆ ಕಡೆ, ಬೇರೆ ತವಾದಲ್ಲಿ. ರಾಗಿ ಬೀಸಿಸುವ ಮಿಷನ್ ಗೋಧಿಯೂ ಬೀಸುವಂಥದ್ದೇ. ಮನೆಯವರು ಚಿಕ್ಕ ಯಂತ್ರದ ಬೆಲೆ ವಿಚಾರಿಸುತ್ತಿದ್ದಾರೆ, ಅಲ್ಲಿಯವರೆಗೆ ಪ್ಯಾಕೆಟ್ ಹಿಟ್ಟೇ.

ಕೊರಟಗೆರೆಯಿಂದ ಹುಚ್ಚೆಳ್ಳು ಒಂದೇ ಸಲ ಜಾಸ್ತಿ ತರಿಸಿದರೆ ಕೆಡುತ್ತಾ?

—

ಮಧುಗಿರಿ_ಹೊಲ:

ಹುರಿಯದೆ, ಪುಡಿ ಮಾಡದೆ, ಚೆನ್ನಾಗಿ ಒಣಗಿದ್ದನ್ನು ಗಾಳಿಯಾಡದ ಡಬ್ಬಿಯಲ್ಲಿಟ್ಟರೆ ಮುಂದಿನ ಸುಗ್ಗಿವರೆಗೂ ಬರುತ್ತಮ್ಮ. ತೇವ ತಗಲಬಾರದು ಅಷ್ಟೇ. ಬೇಕಾದಾಗ ಬೇಕಾದಷ್ಟೇ ಹುರಿದುಕೊಳ್ಳಿ.

—

ಊಟದ_ಲೆಕ್ಕ:

ಪುಡಿ ಮಾಡಿದ್ದು ಮಾತ್ರ ಬೇಗ ಜಿಡ್ಡು ವಾಸನೆ ಬರುತ್ತೆ, ಅಗಸೆ ಪುಡಿ ಎಲ್ಲಕ್ಕಿಂತ ಬೇಗ. ಒಂದು ವಾರಕ್ಕಾಗುವಷ್ಟು ಪುಡಿ ಮಾಡಿ ಫ್ರಿಜ್ಜಿನಲ್ಲಿಡಿ, ಕಹಿ ಅನಿಸಿದರೆ ಬಿಸಾಡಿ. ಸೋಮವಾರದ ಪರೀಕ್ಷೆಗೆ ಒಟ್ಟು ಐಜಿಎ ಕೂಡ ಚೀಟಿಯಲ್ಲಿ ಬರೆಸಿಕೊಳ್ಳಿ, ಎಷ್ಟೋ ಕಡೆ ಕೇಳದಿದ್ದರೆ ಮಾಡಲ್ಲ.